ಕೆರೆ ರಸ್ತೆಯ ದೀಪ

ಮೆಟ್ಟಿಲ ಮೇಲೆ ಚಪ್ಪಲಿಯ ಸಪ್ಪಳ ಕೇಳಿದಾಗ ಹಂಚು ಇನ್ನೂ ಒಲೆಯ ಮೇಲೆ ಏರಿರಲಿಲ್ಲ. ತಾವು ಬಾಡಿಗೆಗಿದ್ದ ತಾರಸಿಮನೆಯ ಮೋಟುಗೋಡೆಗೆ ಮೊಣಕೈ ಊರಿ, ಕತ್ತಲಾಗುತ್ತಿದ್ದ ಕೆರೆ ರಸ್ತೆಯನ್ನೇ ನೋಡುತ್ತ ನಿಂತಿದ್ದ ಪಾರವ್ವ ತಿರುಗಿದಳು. ಗಂಡ ಕಾಶಿನಾಥ ಮೆಟ್ಟಿಲ ತುದಿಯಲ್ಲಿ ನಿಂತು ಉಸಿರು ಸುಧಾರಿಸಿಕೊಳ್ಳುತ್ತಿದ್ದ. ಒಂದು ಕೈಯಲ್ಲಿ ಬೆಳಗಿನ ತಿಂಡಿಯ ಬುತ್ತಿ ಡಬ್ಬಿ, ಇನ್ನೊಂದು ಕೈಯಲ್ಲಿ ಸೈಕಲ್ಲಿನಿಂದ ಕಳಚಿ ತಂದ ಎರಡು ಪುಟ್ಟ ದೀಪಗಳು.

"ಅಯ್ಯ, ಬಂದೇ ಬಿಟ್ರಿ? ದೀಪ ಕಾಣ್ಲೇ ಇಲ್ಲಲ್ರಿ!"

"ಬ್ಯಾಟರಿ ಇಳದಿತ್ತು."

"ನಿನ್ನೆ ರಾತ್ರಿ ನಾನಽ ಚಾರ್ಜಿಗೆ ಹಾಕೀನಿ."

"ಇಳದಿತ್ತಂದ್ರ ಇಳದಿತ್ತು. ನನ್ನೇನ ಕೇಳ್ತಿ, ಅದನ್ನ ಕೇಳು," ಎಂದು ಅವನು ದೀಪಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಚ್ಚಲಿಗೆ ಹೋದ.

ಪಾರವ್ವ ಗಡಿಬಿಡಿಯಲ್ಲಿ ಒಲೆ ಹಚ್ಚಿದಳು. ಬಿಸಿ ರೊಟ್ಟಿಯ ವಿಷಯದಲ್ಲಿ ಕಾಶಿನಾಥ ಮೊದಲಿನಿಂದಲೂ ಹಟಮಾರಿ. ಮುಧೋಳದ ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷದ ಮೇಲಾದರೂ ಈ ಒಂದು ಹಟ ಹೋಗಿರಲಿಲ್ಲ. ಮಧ್ಯಾಹ್ನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಏನು ಹಾಕಿದರೂ ತಿನ್ನುವನು. ಸಂಜೆ ಮಾತ್ರ ರೊಟ್ಟಿ ಹಂಚಿನಿಂದ ನೇರ ತಟ್ಟೆಗೆ ಬರಬೇಕು. ಆರಿದ್ದನ್ನು ಹಾಕಿದರೆ "ಚಪ್ಪಲಿ ಹೊಲಿಯಾಕ ತಂದಿಯೇನ?" ಎಂದು ಎತ್ತಿ ತೋರಿಸುವನು. ಮೊದಲ ರೊಟ್ಟಿ ಉಬ್ಬಿ ಆವಿ ಬಿಡುವ ಹೊತ್ತಿಗೂ ಅವನು ಕೈತೊಳೆದು ಕೂರುವ ಹೊತ್ತಿಗೂ ಸರಿಹೋಗಲು ಪಾರವ್ವ ಒಂದು ಉಪಾಯ ಮಾಡಿಕೊಂಡಿದ್ದಳು. ಅದಕ್ಕೆ ಈ ದೀಪಗಳೇ ಆಧಾರ.

ಹಿಂದಿನ ವರ್ಷ ಕಾಶಿನಾಥನನ್ನು ಒಂದು ಆಟೋ ಸವರಿಕೊಂಡು ಹೋಗಿ ಮೊಣಕೈ ಮೂಳೆ ಬಿರುಕು ಬಿಟ್ಟಿತ್ತು. ವಿದ್ಯಾರಣ್ಯಪುರದಲ್ಲಿರುವ ಮಗಳು ಪದ್ಮಶ್ರೀ ಬಂದು ಅತ್ತು, ಬೈದು, ಕೊನೆಗೆ ಸೈಕಲ್ಲಿಗೆಂದು ಈ ದೀಪಗಳನ್ನು ತರಿಸಿಕೊಟ್ಟಳು. ಮುಂದಕ್ಕೊಂದು ಬಿಳಿಯದು, ಹಿಂದಕ್ಕೊಂದು ಕೆಂಪನೆಯದು. ಗುಂಡಿ ಒತ್ತಿದರೆ ಒಮ್ಮೆ ಸುಮ್ಮನೆ ಉರಿಯುತ್ತದೆ, ಇನ್ನೊಮ್ಮೆ ಒತ್ತಿದರೆ ಪಟಪಟನೆ ಮಿಟುಕುತ್ತದೆ, ಮತ್ತೊಮ್ಮೆ ಒತ್ತಿದರೆ ನಿಧಾನಕ್ಕೆ ಮಿಟುಕುತ್ತದೆ, ಆಮೇಲೆ ಆರುತ್ತದೆ. ಪಟಪಟನೆ ಮಿಟುಕುವ ಹಾಗೆ ಇಟ್ಟುಕೊಳ್ಳಿ ಎಂದು ಮಗಳು ಆಣೆ ಹಾಕಿಸಿಕೊಂಡಿದ್ದಳು. ಯಲಹಂಕದ ಡಬ್ಬಿ ಕಾರ್ಖಾನೆಯಿಂದ ಹೊರಟು, ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆ ಹಿಡಿದು, ವಿಮಾನ ಕಲಿಸುವ ಮೈದಾನ ದಾಟಿ ಅವನು ಜಕ್ಕೂರು ಕೆರೆಯ ಪಕ್ಕದ ರಸ್ತೆಗೆ ಇಳಿಯುವಾಗ ಆ ಬೆಳಕಿನ ಚುಕ್ಕೆ ತಾರಸಿಯಿಂದ ಕಾಣುತ್ತಿತ್ತು. ಕಂಡ ಕೂಡಲೇ ಹಂಚು ಇಡುವುದು. ಚುಕ್ಕೆ ಪಂಪ್‌ಹೌಸಿನ ಹತ್ತಿರ ಬಂದು ಎಡಕ್ಕೆ ತಿರುಗಿ ಮನೆಗಳ ಹಿಂದೆ ಮರೆಯಾದಾಗ ಮೊದಲ ರೊಟ್ಟಿ ಬಡಿಯುವುದು. ಹೀಗೆ ಒಂದು ವರ್ಷ ಲೆಕ್ಕ ತಪ್ಪಿದ್ದೇ ಅಪರೂಪ. ಒಂದೆರಡು ಸಲ ಮನೆಮನೆಗೆ ಊಟ ತಲುಪಿಸುವ ಯಾವುದೋ ಹುಡುಗನ ದೀಪ ನೋಡಿ ಏಮಾರಿದ್ದುಂಟು. ಆಗ ಆ ರೊಟ್ಟಿಯನ್ನು ಅವಳೇ ತಿಂದು ಇನ್ನೊಂದು ಬಡಿದಿದ್ದಳು.

ಈಗ ದೀಪ ವಾರದಲ್ಲಿ ಎರಡು ಮೂರು ಸಂಜೆ ಕಾಣುತ್ತಿರಲಿಲ್ಲ. ಕಾಣದ ದಿನ ಅವನು ತಡವಾಗಿಯೇ ಬರುತ್ತಿದ್ದ.

ಕಾಶಿನಾಥ ಬಂದು ಕುಳಿತ. ಮೊದಲ ರೊಟ್ಟಿ ಮುರಿದು, ಹಿಟ್ಟಿನಪಲ್ಯ ಹಚ್ಚಿಕೊಂಡು, ಎರಡನೆಯದಕ್ಕೆ ಕೈ ಅಡ್ಡ ಹಿಡಿದ.

"ಯಾಕ್ರಿ?"

"ಹಸಿವಿಲ್ಲ."

"ಹಂಚ ತಡ ಆತಂತ ಸಿಟ್ಟೇನ?"

"ಸಿಟ್ಟ್ಯಾಕ? ಹಸಿವಿಲ್ಲ ಅಂದ್ರ ಹಸಿವಿಲ್ಲ."

ನೀರಿನ ಲೋಟ ಕೊಡುವಾಗ ಅವನ ಬೆರಳುಗಳಿಂದ ಅವಳಿಗೊಂದು ವಾಸನೆ ಬಂತು. ಕಾರ್ಖಾನೆಯ ಬಣ್ಣ, ಎಣ್ಣೆಯದಲ್ಲ. ಹಸಿ ಹಸಿಯಾದ, ಸ್ವಲ್ಪ ಜಿಡ್ಡಿನ, ಪರಿಚಿತ ಘಮ. ಏನೆಂದು ತಕ್ಷಣ ಹೊಳೆಯಲಿಲ್ಲ. ಪಾತ್ರೆ ತೊಳೆಯುವಾಗ ಹೊಳೆಯಿತು: ಅವರೆಕಾಯಿಯ ಸೊಗಡು. ಕೆಳಗಿನ ಮನೆಯವರು ಈ ಚಳಿಗಾಲ ಪೂರ್ತಿ ಅದನ್ನೇ ಬೇಯಿಸುತ್ತಾರೆ, ಮೆಟ್ಟಿಲೆಲ್ಲ ಅದೇ ವಾಸನೆ. ಕಾಶಿನಾಥನಿಗೆ ಅದು ಸೇರದು. ಮೂಗು ಮುಚ್ಚಿಕೊಂಡು ಮೆಟ್ಟಿಲು ಹತ್ತುವವನು ಅವನು. ಕ್ಯಾಂಟೀನಿನಲ್ಲಿ ಮಾಡಿರಬೇಕು ಎಂದುಕೊಂಡಳು.

ಮರುದಿನ ಮಗಳ ಫೋನು ಬಂತು. ಪಾರವ್ವ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತ ಕುಳಿತಿದ್ದಳು. ಬೇರೆಯವರ ಸೀರೆಗೆ ಕುಚ್ಚು ಕಟ್ಟಿಕೊಡುವುದು ಅವಳು ಮನೆಯಲ್ಲೇ ಕೂತು ಮಾಡುವ ಸಂಪಾದನೆಯ ಕೆಲಸ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಳು.

"ಅವ್ವಾ, ಅಪ್ಪ ಲೈಟ್ ಹಾಕ್ಕೊಂಡ್ ಬರ್ತಾರೆ ತಾನೆ? ಇಲ್ಲಿ ನಮ್ ಸರ್ಕಲ್ ಹತ್ರ ಮೊನ್ನೆ ಒಬ್ರಿಗೆ ಹೊಡ್ದ್ಬಿಟ್ಟ ಕಾರವ್ನು. ಸೈಕಲ್ ಕಾಣ್ಲೇ ಇಲ್ಲ ಅಂತಾನೆ."

"ಹಾಕ್ಕೊಂಡಽ ಬರ್ತಾರವ್ವ."

"ದಿನಾ?"

ಪಾರವ್ವನ ಕೈಯಲ್ಲಿದ್ದ ಗಂಟು ಸಡಿಲವಾಯಿತು. "ಒಮ್ಮೊಮ್ಮೆ ಬ್ಯಾಟರಿ ಇಳೀತಾವಂತ."

"ಅದೆಂಗೆ ಇಳಿಯತ್ತೆ? ಒಂದ್ಸಲ ಹಾಕಿದ್ರೆ ನಾಕೈದ್ ದಿನ ಬರತ್ತೆ ಅದು. ಹಾಳಾಗಿದ್ಯೇನೋ, ಹೊಸದು ಆರ್ಡರ್ ಮಾಡ್ಲಾ?"

"ಬ್ಯಾಡ, ತಡಿ. ನಾ ತೋರಸ್ತೀನಿ."

ಅಂದು ಕಾಶಿನಾಥನಿಗೆ ವಾರದ ರಜೆ. ಅವನು ಮಲಗಿ ಗೊರಕೆ ಹೊಡೆಯುತ್ತಿದ್ದಾಗ ಪಾರವ್ವ ದೀಪಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಜಕ್ಕೂರಿನ ಹಳೇ ಊರೊಳಗೆ ನಸೀಮಾಳ ಸೈಕಲ್ ಅಂಗಡಿಗೆ ಹೋದಳು. ಗಂಡ ತೀರಿಕೊಂಡ ಮೇಲೆ ನಸೀಮಾ ತಾನೇ ಪಂಕ್ಚರ್ ಹಾಕಲು ಕಲಿತವಳು. ದೀಪಗಳನ್ನು ತಿರುಗಿಸಿ ಮುರುಗಿಸಿ, ಒತ್ತಿ, ಆರಿಸಿ, ಅಂಗೈ ಮರೆ ಮಾಡಿ ನೋಡಿದಳು.

"ಅಕ್ಕಾ, ಏನೂ ಆಗಿಲ್ಲ ಇದಕ್ಕೆ. ಫುಲ್ ಚಾರ್ಜ್ ಐತೆ."

"ದಾರ್ಯಾಗ ಆರತೈತಂತಲ್ಲ?"

"ತಾನಾಗೇ ಆರಲ್ಲ ಇದು. ಒತ್ತಿದ್ರೇ ಆರೋದು." ನಸೀಮಾ ನಕ್ಕಳು. "ಯಜಮಾನ್ರು ಚಾರ್ಜ್ ಉಳಿಸ್ತಾರೇನೋ. ಗಂಡಸ್ರಿಗೆ ಎಲ್ಲಿ ಉಳಿಸ್ಬೇಕು ಎಲ್ಲಿ ಖರ್ಚ್ ಮಾಡ್ಬೇಕು ಗೊತ್ತಾಗಲ್ಲ."

ಪಾರವ್ವನೂ ನಕ್ಕಳು. ವಾಪಸು ಬರುವಾಗ ಸೆರಗಿನ ಗಂಟು ನಡಿಗೆಗೆ ತಕ್ಕಂತೆ ಅವಳ ತೊಡೆಗೆ ಬಡಿಯುತ್ತಿತ್ತು. ಉಳಿಸುತ್ತಿರಬಹುದು ಎಂದು ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡಳು. ಮೂರನೆಯ ಸಲ ಹೇಳಿಕೊಳ್ಳಲಾಗಲಿಲ್ಲ. ಕಾಶಿನಾಥ ಕತ್ತಲಿಗೆ ಹೆದರುವ ಮನುಷ್ಯ. ಆಟೋ ಸವರಿದ ಮೇಲಂತೂ ಹಿಂದಿನಿಂದ ಹಾರನ್ ಕೇಳಿದರೆ ಸೈಕಲ್ಲಿಳಿದು ಪಕ್ಕಕ್ಕೆ ನಿಲ್ಲುವವನು. ಅವನು ಬೇಕೆಂದೇ ದೀಪ ಆರಿಸಬೇಕಾದರೆ ದಾರಿಯಲ್ಲಿ ಲಾರಿಗಿಂತ ಹೆಚ್ಚು ಹೆದರಿಕೆಯದು ಏನೋ ಇರಬೇಕು.

ರಜೆಯ ಮರುದಿನ ಸಂಜೆ ರೇಷ್ಮೆ ದಾರ ತರುತ್ತೇನೆಂದು ಮನೆಯ ಒಡತಿ ಮುನಿನಾರಾಯಣಮ್ಮನಿಗೆ ಹೇಳಿ ಪಾರವ್ವ ಕೆಳಗಿಳಿದಳು. ಪಂಪ್‌ಹೌಸಿನ ಹತ್ತಿರ ಕೆರೆಯ ಸುತ್ತ ವಾಕಿಂಗ್ ಮಾಡುವವರು ಕೂರಲು ಒಂದು ಕಲ್ಲುಬೆಂಚಿದೆ. ಅದರ ಹಿಂದಿನ ಹೊಂಗೆ ಮರದ ಕೆಳಗೆ ನಿಂತಳು. ಅಲ್ಲಿ ರಸ್ತೆ ಕವಲಾಗುತ್ತದೆ. ಎಡಕ್ಕೆ ಹೋದರೆ ಅವಳ ಮನೆ. ಬಲಕ್ಕೆ ಹೋದರೆ ಹೊಸ ಅಪಾರ್ಟ್‌ಮೆಂಟುಗಳು, ಅವುಗಳ ಬೆನ್ನಿಗೆ ಕೆಲಸದವರು ಬಾಡಿಗೆಗಿರುವ ಸಣ್ಣ ಮನೆಗಳ ಒಂದು ಓಣಿ. ಬೀದಿದೀಪಗಳ ಕಂಬಗಳಿದ್ದವು, ದೀಪ ಇರಲಿಲ್ಲ. ಅಪಾರ್ಟ್‌ಮೆಂಟುಗಳಿಗೆ ನೀರು ಹೊತ್ತು ಹೋಗುವ ಟ್ಯಾಂಕರುಗಳು ಹಿಂದಿನಿಂದ ತೊಟ್ಟಿಕ್ಕುತ್ತ ಒಂದರ ಹಿಂದೊಂದು ಓಡುತ್ತಿದ್ದವು.

ದೀಪ ಕಂಡಿತು. ಯಾವತ್ತಿನ ಹಾಗೆಯೇ, ದೂರದಲ್ಲಿ, ಪಟಪಟನೆ ಮಿಟುಕುತ್ತ. ಅವಳಿಗೆ ಒಂದು ಕ್ಷಣ ನಾಚಿಕೆಯೂ ಆಯಿತು. ಬಡವ, ಬೆವರು ಸುರಿಸಿಕೊಂಡು ಬರುತ್ತಿದ್ದಾನೆ. ನಾನು ಇಲ್ಲಿ ಕಳ್ಳಿಯ ಹಾಗೆ ಮರದ ಬುಡದಲ್ಲಿ. ಹಂಚು ಇಡುವ ಹೊತ್ತು ಇದು ಎಂದು ಕೈ ತಾನಾಗಿ ಸೆರಗಿಗೆ ಒರೆಸಿಕೊಂಡಿತು. ಆಗ ಚುಕ್ಕೆ ನಿಂತಿತು.

ತಾರಸಿಯಿಂದ ಕೆರೆ ರಸ್ತೆ ಕಾಣಲು ಶುರುವಾಗುವ ತಿರುವಿಗೆ ಇನ್ನೂ ಒಂದು ಮಾರು ದೂರವಿತ್ತು. ಕಾಶಿನಾಥ ಇಳಿದ. ಮುಂದಿನ ದೀಪಕ್ಕೆ ಬೆರಳಿಟ್ಟ, ಬಿಳಿ ಹೋಯಿತು. ಆಮೇಲೆ ಸೀಟಿನ ಹಿಂದಕ್ಕೆ ಬಾಗಿದ. ಅವನ ಅಂಗೈ ಕೆಂಪಗೆ ಪಟಪಟ ಹೊಳೆಯಿತು, ನಿಧಾನವಾಗಿ ಎರಡು ಸಲ ಹೊಳೆಯಿತು, ನಿಂತಿತು. ಒಂದಿಷ್ಟೂ ತಡಕಾಡದ ಕೈ. ಬಾಗಿಲ ಚಿಲಕ ಹಾಕುವಷ್ಟು ರೂಢಿಯಾದ ಕೈ. ಅವನು ಮತ್ತೆ ಸೈಕಲ್ ಏರಿದಾಗ ರಸ್ತೆಯ ಮೇಲೆ ಅವನಿದ್ದಾನೆಂಬುದಕ್ಕೆ ಚೈನಿನ ಕಿರಕಿರ ಸದ್ದು ಬಿಟ್ಟರೆ ಬೇರೆ ಗುರುತಿರಲಿಲ್ಲ.

ತಾನು ನಿಂತು ನೋಡುವ ಜಾಗದಿಂದ ಮರೆಯಾಗಲು ಅವನು ಹೀಗೆ ಮಾಡುತ್ತಿದ್ದಾನೆಂದು ಅವಳಿಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತಿಳಿದದ್ದನ್ನು ಒಳಗೆ ಇಳಿಸಿಕೊಳ್ಳುವಷ್ಟರಲ್ಲಿ ಅವನ ಹಿಂದಿನಿಂದ ಟ್ಯಾಂಕರ್ ಬಂತು. ಕೆರೆಯ ತಿರುವನ್ನು ಅದು ಅಗಲಕ್ಕೆ ತಿರುಗಿಸಿಕೊಂಡಾಗ ಅದರ ಬೆಳಕು ನೀರಿನ ಮೇಲೆ ಹೋಗಿ, ರಸ್ತೆಗೆ ಮರಳುವ ಹೊತ್ತಿಗೆ ಕಾಶಿನಾಥನ ಬೂದು ಅಂಗಿಯ ಬೆನ್ನು ಬಂಪರಿನ ಮುಂದೆಯೇ ಇತ್ತು. ಬ್ರೇಕಿನ ಚೀತ್ಕಾರ. ಟ್ಯಾಂಕರಿನೊಳಗಿನ ನೀರು ಧಡ್ ಎಂದು ತಗಡಿಗೆ ಬಡಿಯಿತು. ಪಾರವ್ವ ಕೂಗಿದೆನೆಂದುಕೊಂಡಳು, ಬಾಯಿ ತೆರೆದಿತ್ತು ಅಷ್ಟೇ.

"ಏಯ್! ಸಾಯಕ್ಕೆ ನನ್ ಗಾಡೀನೇ ಬೇಕಿತ್ತಾ ನಿಂಗೆ? ಲೈಟ್ ಹಾಕ್ಕೊಂಡ್ ಬಾರಯ್ಯಾ, ವಯಸ್ಸಾಗೈತೆ!"

ಕಾಶಿನಾಥ ಪಕ್ಕದ ಮಣ್ಣಿಗೆ ಇಳಿದಿದ್ದ. ತಪ್ಪಾಯಿತೆಂಬಂತೆ ಕೈ ಎತ್ತಿ, ಮತ್ತೆ ತುಳಿಯತೊಡಗಿದ. ಅವನು ಅಷ್ಟೇನೂ ಬೆದರಿರಲಿಲ್ಲ. ಇದು ಮೊದಲ ಸಲವಲ್ಲ ಎಂದು ಆ ಎತ್ತಿದ ಕೈ ಹೇಳುತ್ತಿತ್ತು. ಪಂಪ್‌ಹೌಸಿನ ಹತ್ತಿರ ಅವನು ಬಲಕ್ಕೆ ತಿರುಗಿದ.

ಪಾರವ್ವ ಚೈನಿನ ಸದ್ದು ಹಿಡಿದು ಬಲಕ್ಕೆ ನಡೆದಳು. ಓಣಿಯ ಮೂರನೆಯದೋ ನಾಲ್ಕನೆಯದೋ ಮನೆಯ ಗೋಡೆಗೆ ಸೈಕಲ್ಲು ಒರಗಿತ್ತು. ಎದುರಿನ ದಿನಸಿ ಅಂಗಡಿಯಲ್ಲಿ ಕಡಲೆಬೇಳೆ ಕೊಳ್ಳುವವಳ ಹಾಗೆ ನಿಂತಳು. ಬಾಗಿಲ ಬಲ್ಬಿನ ಕೆಳಗೆ, ಮೆಟ್ಟಿಲ ಮೇಲೆ, ಕಾಶಿನಾಥ ಪ್ಯಾಂಟು ಮಡಚಿಕೊಂಡು ಕುಳಿತಿದ್ದ. ಅವನ ಮುಂದೊಂದು ಬೋಗುಣಿಯಲ್ಲಿ ನೆನೆದ ಅವರೆಕಾಳು. ಒಂದೊಂದನ್ನೇ ತೆಗೆದು ಬೆರಳಲ್ಲಿ ಹಿತುಕಿ ಸಿಪ್ಪೆ ಬಿಡಿಸುತ್ತಿದ್ದ. ತಿಂದ ತಟ್ಟೆಯನ್ನು ಎತ್ತಿ ಗೊತ್ತಿಲ್ಲದ ಮನುಷ್ಯ. ಒಂದು ಕಾಳು ಚಿಮ್ಮಿ ಎದುರು ಕುಳಿತ ಹೆಂಗಸಿನ ಕೆನ್ನೆಗೆ ಹೊಡೆಯಿತು.

"ಎಷ್ಟ್ ದಪ ಏಳ್ಕೊಡ್ಲಿ ನಿಮ್ಗೆ! ಬಟ್ಲೊಳಕ್ಕೆ ಇಸುಕ್ರೀ ಅಂದ್ರೆ ನನ್ ಮೊಕಕ್ಕೆ ಇಸುಕ್ತೀರ."

"ಮಾರಿ ಅಡ್ಡ ತಂದ್ರ ನಾ ಏನ್ ಮಾಡ್ಲಿ?"

"ಆಹಾ, ನನ್ ಮೊಕ ನನ್ ಮನೇಲಿ ಎಲ್ಲಿಡ್ಲಿ ಮತ್ತೆ? ಓಗ್ರಪ್ಪ ನೀವೊಬ್ರು!"

ಕಾಶಿನಾಥ ನಕ್ಕ. ಹೊಟ್ಟೆಯಿಂದ ಬಂದ ನಗು, ಭುಜ ಕುಲುಕಿತು. ಅಂಗಡಿಯವಳು ಅಲ್ಲಿಂದಲೇ, "ಏ ಲಕ್ಕಮ್ಮ, ಕೊತ್ತಂಬ್ರಿ ಬಂದೈತೆ, ಬೇಕಾ?" ಎಂದು ಕೂಗಿದಳು.

ಲಕ್ಕಮ್ಮ. ಹೆಸರು ಪಾರವ್ವನಿಗೆ ಗೊತ್ತಿತ್ತು. ಕ್ಯಾಂಟೀನಿನ ಅಡುಗೆಯವಳು. ಕಳೆದ ಮಳೆಗಾಲದಲ್ಲಿ ಅವಳು ಕೆಲಸಕ್ಕೆ ಸೇರಿದಾಗ ಕಾಶಿನಾಥ ದಿನವೂ ದೂರುತ್ತಿದ್ದ: ಲಕ್ಕಮ್ಮನ ಸಾರೆಂದರೆ ಬಣ್ಣದ ನೀರು, ಲಕ್ಕಮ್ಮನ ಮುದ್ದೆಯಲ್ಲಿ ಕಲ್ಲು. ದೂರು ಯಾವಾಗ ನಿಂತಿತೆಂದು ಪಾರವ್ವ ಗಮನಿಸಿರಲಿಲ್ಲ. ಚೆಂದದವಳೂ ಅಲ್ಲ, ಹರೆಯದವಳೂ ಅಲ್ಲ. ಪಾರವ್ವನಿಗಿಂತ ಎರಡು ವರ್ಷ ದೊಡ್ಡವಳೇ ಇರಬೇಕು, ಕಾಲಿಗೆ ಹವಾಯಿ ಚಪ್ಪಲಿ, ಮಾಸಿದ ನೈಟಿ, ಹೆಗಲ ಮೇಲೊಂದು ಟವೆಲ್ಲು. ಚೆಂದದವಳಾಗಿದ್ದರೆ ಬೈದುಕೊಳ್ಳುವುದು ಸುಲಭವಿತ್ತು.

"ಏನ್ ಬೇಕಮ್ಮ?" ಎಂದಳು ಅಂಗಡಿಯವಳು.

"ಏನಿಲ್ರಿ," ಎಂದು ಪಾರವ್ವ ಹೊರಟುಬಿಟ್ಟಳು.

ಮನೆಗೆ ಬಂದು ಎಸರಿಟ್ಟಳು, ಹಿಟ್ಟು ಜರಡಿ ಹಿಡಿದಳು. ನೆನಪು ಮಾಡಿಕೊಳ್ಳಲು ನೋಡಿದಳು: ತಾವಿಬ್ಬರೂ ಹಾಗೆ ಕುಳಿತು ನಕ್ಕದ್ದು ಯಾವಾಗ? ಮಗಳ ಮದುವೆಗೆ ಮುಂಚೆಯೇ? ಮನೆಯಲ್ಲಿ ಅವರ ನಡುವೆ ಮಾತಿಲ್ಲವೆಂದಲ್ಲ. ಗ್ಯಾಸು ಬಂತೇ, ನೀರು ಬಂತೇ, ಪದ್ಮಿ ಫೋನ್ ಮಾಡಿದ್ದಳೇ. ಹಂಚಿನಿಂದ ತಟ್ಟೆಗೆ ಬಿಸಿ ರೊಟ್ಟಿ ಬೀಳುವುದು, ಅವನು ಅದನ್ನು ಮುರಿಯುವುದು, ಬೆರಳು ಸುಟ್ಟು "ಸ್ಸ್" ಎನ್ನುವುದು. ಅದನ್ನೇ ಅವಳು ಸಂಸಾರ ಎಂದುಕೊಂಡಿದ್ದಳು. ಅವನೂ ಹಾಗೇ ಎಂದುಕೊಂಡಿದ್ದನೋ ಏನೋ. ಇಲ್ಲದಿದ್ದರೆ ದೀಪ ಆರಿಸುವ ಕಷ್ಟ ಯಾಕೆ ತೆಗೆದುಕೊಳ್ಳುತ್ತಿದ್ದ? ಅವಳ ಕಣ್ಣಿಗೆ ಅಂಜಿ ಅವನು ಕತ್ತಲಾಗುತ್ತಿದ್ದಾನೆ, ಆ ಕತ್ತಲಿಗೆ ಟ್ಯಾಂಕರು ಬರುತ್ತಿದೆ. ಹೇಗೆ ತಿರುಗಿಸಿ ನೋಡಿದರೂ ಲಕ್ಕಮ್ಮನ ಕೆನ್ನೆಗಿಂತ ಮೊದಲು ಆ ಬೂದು ಅಂಗಿಯ ಬೆನ್ನೇ ಕಣ್ಣೆದುರು ಬರುತ್ತಿತ್ತು. ಹೀಗೇ ಬಿಟ್ಟರೆ ಒಂದು ದಿನ ಚಪ್ಪಲಿಯ ಸಪ್ಪಳದ ಬದಲು ಯಾರೋ ಅಪರಿಚಿತರು ಮೆಟ್ಟಿಲು ಹತ್ತಿ ಬರುತ್ತಾರೆ.

ಕಾಶಿನಾಥ ಬಂದ. ಹಂಚು ಕಾದಿರುವುದನ್ನು ನೋಡಿ ಅವನಿಗೆ ಅಚ್ಚರಿಯಾಯಿತು. ಕೈತೊಳೆದು ಕುಳಿತ. ಅವಳು ರೊಟ್ಟಿ ಹಾಕಿದಳು, ಪಕ್ಕದಲ್ಲಿ ಕುಳಿತಳು. ಸಾಮಾನ್ಯವಾಗಿ ಅವನು ಉಣ್ಣುವಾಗ ಅವಳು ಕೂರುವುದಿಲ್ಲ.

"ನಾಳಿಂದ ದೀಪ ಹಚ್ಕೊಂಡ ಬರ್ರಿ," ಎಂದಳು.

"ಬ್ಯಾಟರಿ..."

"ಬ್ಯಾಟರಿ ಬಿಡ್ರಿ. ನಾ ಇನ್ನ ಮ್ಯಾಲ ಗ್ವಾಡಿ ಹಂತೇಕ ನಿಂದರಂಗಿಲ್ಲ. ಕೆರಿ ಕಡೆ ನೋಡಂಗಿಲ್ಲ."

ಅವನ ಕೈ ರೊಟ್ಟಿಯ ಮೇಲೆ ನಿಂತಿತು.

"ಯಾರರ ಏನರ ಅಂದ್ರೇನ?"

"ಯಾರೂ ಅಂದಿಲ್ಲ. ಟ್ಯಾಂಕರ್ ನಾ ಕಂಡೀನಿ."

ಕಾಶಿನಾಥ ತಟ್ಟೆಯನ್ನೇ ನೋಡುತ್ತ ಹೇಳಿದ, "ಸುಮ್ನ ಹೊತ್ತ ಕಳ್ಯಾಕ ಹೋಗಿ ಕುಂದ್ರತೀನಿ ಪಾರಿ. ಬ್ಯಾರೆ ಏನಿಲ್ಲ."

"ನಾ ಕೇಳ್ಲಿಲ್ಲ."

"ನಿನ್ನಾಣಿ, ಮತ್ತೇನಿಲ್ಲ."

"ಕೇಳ್ಲಿಲ್ಲ ಅಂದ್ನೆಲ್ಲ! ಎಲ್ಲಿಗರ ಹೋಗ್ರಿ, ಯಾವಾಗರ ಬರ್ರಿ. ದೀಪ ಮಾತ್ರ ಆರಸಬ್ಯಾಡ್ರಿ. ಇಷ್ಟ ನಡಸಿ ಕೊಡ್ರಿ ನನಗ."

ಅವಳ ದನಿ ಒಡೆಯಲಿಲ್ಲ. ಒಡೆಯುತ್ತದೆಂದು ಅವನು ಕಾಯುತ್ತಿದ್ದನೇನೋ. ಅವನು ತಲೆ ಅಲ್ಲಾಡಿಸಿದ. ಎರಡನೆಯ ರೊಟ್ಟಿಗೆ ಕೈ ಅಡ್ಡ ಹಿಡಿಯಲಿಲ್ಲ, ಮೂರನೆಯದಕ್ಕೂ ಹಿಡಿಯಲಿಲ್ಲ. ತುಂಬಿದ ಹೊಟ್ಟೆಯ ಮೇಲೆ ಒಂದೊಂದೇ ತುತ್ತು ನೀರು ಕುಡಿದು ನುಂಗುತ್ತಿದ್ದ. ಅವಳು ಬಡಿಯುತ್ತಲೇ ಇದ್ದಳು.

ಬೆಳಿಗ್ಗೆ ಅವನು ಹೊರಟಾಗ ಅವಳು ದೀಪಗಳನ್ನು ಕೈಗೆ ಕೊಟ್ಟಳು. ಅವನು ಇಸಿದುಕೊಂಡ. ಮುಖ ನೋಡಲಿಲ್ಲ, ಆದರೆ ಬುತ್ತಿ ಡಬ್ಬಿಯನ್ನು ತಾನಾಗಿಯೇ ತೊಳೆದಿಟ್ಟಿದ್ದ. ಆ ಡಬ್ಬಿಯನ್ನು ನೋಡಿ ಪಾರವ್ವನ ಎದೆಯಲ್ಲಿ ಬೇಡದ ಒಂದು ಆಸೆ ಹುಟ್ಟಿತು. ಕತ್ತಲಲ್ಲಿ ಬಲಕ್ಕೆ ತಿರುಗುವುದು ಬೇರೆ. ಬೆಳಕು ಹಚ್ಚಿಕೊಂಡು, ಹೆಂಡತಿಗೆ ಗೊತ್ತಿದೆಯೆಂದು ತಿಳಿದೂ ತಿರುಗುವುದು ಬೇರೆ. ಅಷ್ಟು ಗಟ್ಟಿ ಮನುಷ್ಯನಲ್ಲ ಕಾಶಿನಾಥ. ಇಡೀ ದಿನ ಕುಚ್ಚು ಕಟ್ಟುತ್ತ ಅವಳು ಈ ಆಸೆಯನ್ನು ಬೈದು ಕೂರಿಸಿದಳು, ಅದು ಮತ್ತೆ ಮತ್ತೆ ಎದ್ದಿತು. ಸಂಜೆಗೆ ಅವನಿಗೆ ಸೇರುವ ಎಣ್ಣೆಗಾಯಿ ಮಾಡಿದಳು.

ಹೊತ್ತು ಮುಳುಗಿದಾಗ ಮುನಿನಾರಾಯಣಮ್ಮ ಒಣಗಿಸಿದ ಮೆಣಸಿನಕಾಯಿ ಒಟ್ಟು ಮಾಡಲು ತಾರಸಿಗೆ ಬಂದಳು. ಹಳೇ ಜಕ್ಕೂರಿನ ಹೆಂಗಸು, ಮಂಡಿನೋವಿಗೆ ಬೈಯುತ್ತಲೇ ಮೂರು ಅಂತಸ್ತು ಹತ್ತುವವಳು. ಬಾಡಿಗೆಯವರ ಮನೆಗಳಲ್ಲಿ ಏನು ಬೆಂದರೂ ಏನು ಸೀದರೂ ಅವಳಿಗೆ ಗೊತ್ತಾಗಬೇಕು. ಗೊತ್ತಾದದ್ದು ಕತ್ತಲಾಗುವುದರೊಳಗೆ ಬೀದಿಗೂ ಗೊತ್ತಾಗುತ್ತದೆ. ಕೆಟ್ಟವಳಲ್ಲ.

"ಇದೇನ್ ಪಾರವ್ವ, ಇವತ್ತು ಆ ಕಡೀಕ್ ಬೆನ್ ತಿರುಗಿಸ್ಕೊಂಡ್ ಕುಂತಿದ್ದೀಯ? ಗಂಡನ್ ಕಾಯಲ್ವಾ?"

ಪಾರವ್ವ ಕೋಣೆಯ ಹೊಸ್ತಿಲಲ್ಲಿ, ಕೆರೆಗೆ ಬೆನ್ನು ಮಾಡಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ಕಣ್ಣ ಯಾಕೋ ನೋಯಾಕತ್ತಾವ್ರಿ ಅಮ್ಮ. ಕುಚ್ಚ ಕಟ್ಟಿ ಕಟ್ಟಿ."

"ಬುಡು, ನಾನೇ ನೋಡ್ ಏಳ್ತೀನಿ. ನಂಗೂ ರೂಡಿ ಆಗ್ಬುಟ್ಟೈತೆ ನಿನ್ ಗಂಡನ್ ಲೈಟು. ನಮ್ಮೋರು ಇದ್ದಾಗ ನಾನು ಇಂಗೆ ಒಂದಿನಾನೂ ಕಾದೋಳಲ್ಲ ಕಣಮ್ಮ. ಕುಡ್ದು ಬರೋರು, ದಾರಿಯೆಲ್ಲ ಬೈಕೊಂಡೇ ಬರೋರು, ಕಾಯೋದೇನು, ಕಿವೀಗೇ ಕೇಳ್ತಿತ್ತು." ಮುನಿನಾರಾಯಣಮ್ಮ ತನ್ನ ಮಾತಿಗೆ ತಾನೇ ನಕ್ಕು ಮೆಣಸಿನಕಾಯಿಯನ್ನು ಚೀಲಕ್ಕೆ ತುಂಬತೊಡಗಿದಳು.

ನೋಡಬೇಡಿ ಎಂದು ಹೇಳಬೇಕೆಂದು ಪಾರವ್ವನ ನಾಲಿಗೆಯ ತುದಿಗೆ ಬಂತು. ಹಾಗೆ ಹೇಳಲು ಕಾರಣ ಕೊಡಬೇಕಾಗುತ್ತದೆ. ಅವಳು ಸುಲಿದ ಬೆಳ್ಳುಳ್ಳಿಯನ್ನೇ ಮತ್ತೆ ಸುಲಿದಳು.

"ಆ, ಬಂತು ನೋಡು! ಪಳಪಳ ಅಂತೈತೆ. ಏಳಮ್ಮ, ಅಂಚು ಇಡೋಗು."

ಬೆಳಕು ಹಚ್ಚಿಕೊಂಡೇ ಬರುತ್ತಿದ್ದಾನೆ. ಪಾರವ್ವ ಎದ್ದಳು. ಒಲೆ ಹಚ್ಚಿದಳು, ಹಂಚು ಇಟ್ಟಳು. ಮಾತು ನಡೆಸಿಕೊಟ್ಟ. ಕೈಗಳು ತಾವಾಗಿಯೇ ಹಿಟ್ಟಿನ ಉಂಡೆ ಮಾಡಿದವು.

"ಟ್ಯಾಂಕರ್ ಬಂತು ಇಂದ್ಗಡೆ... ಆ, ಸೈಡಿಗ್ ಓಯ್ತು, ದಾರಿ ಬುಡ್ತು. ಲೈಟಿದ್ರೆ ಎಂತೋನಾದ್ರೂ ದಾರಿ ಬುಡ್ತಾನೆ. ನಿನ್ ಮಗ್ಳು ಒಳ್ಳೇ ಕೆಲ್ಸ ಮಾಡೌಳೆ ಕಣಮ್ಮ."

ಪಾರವ್ವ ಹಿಟ್ಟು ಉದುರಿಸಿ, ಅಂಗೈಯಿಂದ ರೊಟ್ಟಿ ಬಡಿಯತೊಡಗಿದಳು. ಅಂಚು ಹರಿಯದಂತೆ, ಸುತ್ತ ತಿರುಗಿಸುತ್ತ.

"ಪಂಪ್ಔಸ್ ತಾವ ಬಂತು. ನಿಂತ್ಕೊಂತು. ಯಾಕೋ ನಿಂತೌನೆ."

ಬಡಿಯುವ ಕೈ ನಿಂತಿತು.

ಹೊರಗೆ ಮುನಿನಾರಾಯಣಮ್ಮ ಚೀಲ ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ, ಯಾರಿಗೋ ಅಲ್ಲ, ತನಗೇ ಎಂಬಂತೆ ಅವಳ ದನಿ ಬಂತು.

"ಇದೇನು, ಬೆಳ್ಳಗಿದ್ದಿದ್ದು ಕೆಂಪಗಾಯ್ತಲ್ಲ? ಆ ಕಡೀಕ್ ಯಾಕ್ ತಿರುಗ್ದ? ಅಲ್ಲೇನೈತೆ, ಆ ಕೂಲಿಯೋರ್ ಓಣಿ ಬುಟ್ರೆ..."

ಮಾತು ಅಲ್ಲಿಗೆ ಕಡಿಯಿತು. ಪಾರವ್ವ ತಿರುಗಿ ನೋಡಲಿಲ್ಲ. ಮುದುಕಿಯ ನೋಟ ಕೆರೆಯ ಕಡೆಯಿಂದ ತನ್ನ ಬೆನ್ನಿಗೆ ಬಂದು ನಿಂತದ್ದು ಅವಳಿಗೆ ತಿಳಿಯಿತು. ಕತ್ತಲಲ್ಲಿ ಹೋಗುತ್ತಿದ್ದಾಗ ಅದು ಆ ಓಣಿಯೊಳಗೇ ಉಳಿದಿದ್ದ ಸಂಗತಿ. ಈ ಕಡೆ ಎಷ್ಟು ತಾರಸಿಗಳಿವೆ, ಎಷ್ಟು ತಾರಸಿಗಳಲ್ಲಿ ಸಂಜೆ ಬಟ್ಟೆ ತೆಗೆಯಲು ಬರುವ ಹೆಂಗಸರಿದ್ದಾರೆ ಎಂದು ನಿನ್ನೆ ಅವಳು ಯೋಚಿಸಿರಲಿಲ್ಲ.

"ಯಾರೋ ಬೇರೆಯೋರಿರ್ಬೇಕು ಬುಡು," ಎಂದಳು ಮುನಿನಾರಾಯಣಮ್ಮ, ಬಹಳ ಮೆತ್ತಗೆ. "ಇವಾಗ ಎಲ್ಲಾರ್ದೂ ಅದೇ ತರ ಲೈಟು."

"ಹೌದ್ರಿ ಅಮ್ಮ," ಎಂದಳು ಪಾರವ್ವ.

ಮುದುಕಿ ಇಳಿದುಹೋದಳು. ಯಾವತ್ತೂ ಇಲ್ಲದ ಹಾಗೆ, ಮಂಡಿನೋವಿಗೆ ಬೈಯದೆ, ಒಂದೊಂದೇ ಮೆಟ್ಟಿಲನ್ನು ಸದ್ದಿಲ್ಲದೆ ಇಳಿದಳು. ಕೆಳಗೆ ಯಾವುದೋ ಬಾಗಿಲು ತೆರೆದು ಮುಚ್ಚಿತು.

ಹಂಚು ಕಾದು ಹೊಗೆಯಾಡುತ್ತಿತ್ತು. ಪಾರವ್ವ ಬಡಿದ ರೊಟ್ಟಿಯನ್ನು ಹಾಕಿದಳು, ಮೇಲೆ ನೀರು ಸವರಿದಳು, ತಿರುವಿದಳು. ಅದು ಉಬ್ಬಿತು. ಇಳಿಸಲಿಲ್ಲ. ಉರಿ ಸಣ್ಣಗೆ ಮಾಡಿ, ಬಟ್ಟೆಯ ಉಂಡೆಯಿಂದ ಒತ್ತುತ್ತ, ತಿರುವುತ್ತ, ಒಳಗಿನ ಆವಿಯೆಲ್ಲ ಹೋಗುವ ತನಕ ಬಿಟ್ಟಳು. ಊರಲ್ಲಿ ಅವ್ವ ಹೀಗೆ ಖಡಕ್ ರೊಟ್ಟಿ ಮಾಡಿ ಬುಟ್ಟಿಯಲ್ಲಿಡುತ್ತಿದ್ದಳು. ತಿಂಗಳಾದರೂ ಕೆಡುತ್ತಿರಲಿಲ್ಲ, ಯಾರು ಯಾವಾಗ ಬಂದರೂ ಆಗುತ್ತಿತ್ತು. ಬೆಂಗಳೂರಿಗೆ ಬಂದ ಮೇಲೆ ಪಾರವ್ವ ಒಂದನ್ನೂ ಮಾಡಿರಲಿಲ್ಲ. ಗಟ್ಟಿಯಾದದ್ದನ್ನು ಒಲೆಯ ಪಕ್ಕದ ಗೋಡೆಗೆ ಒರಗಿಸಿ ನಿಲ್ಲಿಸಿದಳು. ಇನ್ನೊಂದು ಬಡಿದಳು, ಅದನ್ನೂ ಒಣಗಿಸಿ ಅದರ ಪಕ್ಕಕ್ಕೆ ನಿಲ್ಲಿಸಿದಳು. ಹಿಟ್ಟು ಮುಗಿಯುವ ಹೊತ್ತಿಗೆ ಗೋಡೆಯುದ್ದಕ್ಕೂ ರೊಟ್ಟಿಗಳು ಸಾಲಾಗಿ ನಿಂತಿದ್ದವು. ತಣಿಯುತ್ತ, ನಡುನಡುವೆ ಒಂದೊಂದು, ಸಣ್ಣಗೆ ಚಟ್ ಎನ್ನುತ್ತಿತ್ತು.